ತುಂಬಿದ ಕೊಡ ಮತ್ತು ಕಿಂಡಿ: ದುರ್ಗದಲ್ಲಿ ಮಾಡಿದ ಒಂದು ವಿಆರ್ ಕಲಾಕೃತಿಯ ಪ್ರಕರಣ

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಚಿತ್ರಕಲೆ ಹೇಳ್ಕೊಡೋ ಮೇಷ್ಟ್ರು. ನಮ್ಮನೆ ಮಾಳಿಗೆ ಹತ್ತಿ ನಿಂತ್ರೆ ಕೋಟೆ ಬಂಡೆಗಳು ಕಾಣ್ತವೆ. ಹೋದ ವರ್ಷ ನಾವು ನಾಲ್ಕು ಜನ ಸೇರ್ಕೊಂಡು ಒಂದು ವಿಆರ್ ಕಲಾಕೃತಿ ಮಾಡಿದ್ವಿ, ವಿಆರ್ ಅಂದ್ರೆ ವರ್ಚುವಲ್ ರಿಯಾಲಿಟಿ, ಕಣ್ಣು ಮುಚ್ಚೋ ಹೆಡ್‌ಸೆಟ್ ಹಾಕ್ಕೊಂಡ್ರೆ ಸುತ್ತ ಬೇರೆಯದೇ ಜಾಗ ಕಾಣೋದು. ಇದು ಕುರ್ಚಿ ಮೇಲೆ ಕೂತು ನೋಡೋ ಅಂಥದ್ದಲ್ಲ, ಬಂದೋರು ಎದ್ದು ನಡೀಬೇಕು, ಕೈ ಸೊಂಟ ಪಾದ ಎಲ್ಲಾ ಕೆಲಸ ಮಾಡಬೇಕು. ಮೊದಲ್ನೇ ಸಲ ಮಾಡಿದ್ದು ಕೆಟ್ಟೋಯ್ತು. ಎರಡನೇ ಸಲದ್ದು ನಿಂತ್ಕೊಂತು, ನಿಂತ ಮೇಲೂ ಹೊಳಲ್ಕೆರೆ ಕಡೆಯ ಒಬ್ಬ ಅಜ್ಜಿ ಬಂದು ಅದರ ಕೊನೆನ ಬದಲಾಯಿಸಿದ್ರು. ಇಂಥ ಕೆಲಸ ಮಾಡೋಕೆ ಹೊರಟಿರೋ ಹುಡುಗ್ರು ಹುಡುಗೀರು ನನ್ನ ಕೇಳ್ತಾ ಇರ್ತಾರೆ, ಸಾರ್ ಏನ್ ಸಾಮಾನು ಬೇಕು, ಎಷ್ಟು ಖರ್ಚಾಗುತ್ತೆ, ಯಾವ ಸಾಫ್ಟ್‌ವೇರ್ ಅಂತ. ಅದಕ್ಕೆ ನಡೆದಿದ್ದನ್ನ ನಡೆದ ಹಾಗೆ ಪೂರ್ತಿ ಬರೀತಿದೀನಿ, ಯಾಕಂದ್ರೆ ನಮ್ಮನ್ನ ಸೋಲಿಸಿದ್ದೂ ಗೆಲ್ಲಿಸಿದ್ದೂ ಸಾಫ್ಟ್‌ವೇರ್ ಅಲ್ಲ.

ನಾಲ್ಕು ಜನ ಅಂದ್ರೆ ನಾನು, ಬೆಂಗಳೂರಲ್ಲಿ ಗೇಮ್ ಮಾಡೋ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದಿದ್ದ ನನ್ನ ಕ್ಲಾಸ್‌ಮೇಟ್, ಬಡಗಿ ಕೆಲಸ ಮಾಡೋ ನಮ್ಮ ಸೋದರಮಾವ, ಮತ್ತೆ ಅಂಗನವಾಡಿ ಟೀಚರ್ ಆಗಿರೋ ನಮ್ಮ ಅತ್ತಿಗೆ. ಸೆಕೆಂಡ್ ಹ್ಯಾಂಡ್ ಹೆಡ್‌ಸೆಟ್ ಎರಡು ತಗೊಂಡ್ವಿ, ಒಳಗೇ ಕಂಪ್ಯೂಟರ್ ಇರೋದು, ವೈರ್ ಇಲ್ಲದ್ದು. ವೈರ್ ಇದ್ರೆ ನಡೆಯೋರ ಕಾಲಿಗೆ ಸಿಕ್ಕೊಳ್ಳುತ್ತೆ.

ದುರ್ಗದಲ್ಲಿ ಕೂತು ಮೈಯಿಂದ ಆಗೋ ಕಥೆ ಯಾವುದು ಅಂತ ಯೋಚ್ನೆ ಮಾಡಿದ್ರೆ ಮೊದಲು ಬಾಯಿಗೆ ಬರೋದು ಓಬವ್ವನೇ. ಕಥೆ ಎಲ್ರಿಗೂ ಗೊತ್ತು, ಮದಕರಿ ನಾಯಕರ ಕಾಲ, ಹೈದರಾಲಿ ಸೈನ್ಯ ಕೋಟೆ ಸುತ್ತ ಬೀಡು ಬಿಟ್ಟಿದೆ, ಕಾವಲುಗಾರ ಗಂಡ ಊಟಕ್ಕೆ ಮನೆಗೆ ಬಂದಿದಾನೆ, ಹೆಂಡ್ತಿ ನೀರು ತರೋಕೆ ಹೋಗಿದಾಳೆ, ಬಂಡೆ ಸಂದಿಯಿಂದ ಗುಸುಗುಸು ಕೇಳ್ಸುತ್ತೆ, ಮನೆಗೆ ಓಡಿ ಒನಕೆ ತಂದು ಕಿಂಡಿ ಬಾಯಲ್ಲಿ ನಿಂತು ಒಬ್ಬೊಬ್ರಾಗಿ ತೂರ್ಕೊಂಡು ಬಂದೋರನ್ನ ಹೊಡೀತಾಳೆ. ಕೋಟೆ 1779ರಲ್ಲಿ ಕೊನೆಗೂ ಹೈದರನ ಕೈಗೆ ಹೋಯ್ತು, ಆದ್ರೆ ಊರಿನ ನೆನಪಲ್ಲಿ ಉಳಿದಿರೋದು ಆ ಕಿಂಡಿ. ಸ್ಟೇಡಿಯಂಗೆ ಅವಳ ಹೆಸರು, ಡಿಸಿ ಆಫೀಸ್ ಮುಂದೆ ಅವಳ ಪ್ರತಿಮೆ, 2021ರಿಂದ ನವೆಂಬರ್ 11ಕ್ಕೆ ಸರ್ಕಾರದಿಂದಲೇ ಜಯಂತಿ.

ಹಂಗಾಗಿ ಮೊದಲ ಆವೃತ್ತೀಲಿ ನಾವು ಮಾಡಿದ್ದು ಎಲ್ರೂ ಮಾಡೋದನ್ನೇ. ಪಿವಿಸಿ ಪೈಪಿಗೆ ಸ್ಪಂಜ್ ಸುತ್ತಿ ಒನಕೆ ಮಾಡಿದ್ವಿ, ಹೆಡ್‌ಸೆಟ್ಟಿನ ಕಂಟ್ರೋಲರ್ನ, ಅಂದ್ರೆ ಕೈಲಿ ಹಿಡಿಯೋ ಸಾಧನನ, ಅದಕ್ಕೆ ಕಟ್ಟಿದ್ವಿ, ಒಳಗಡೆ ಕಿಂಡಿಯಿಂದ ಸೈನಿಕರ ತಲೆ ಒಂದೊಂದಾಗಿ ಹೊರಗೆ ಬರುತ್ತೆ, ಹೊಡೆದ್ರೆ ಕೈಲಿ ಗುರ್ ಅನ್ನುತ್ತೆ. ಶುರುವಲ್ಲಿ ಕೋಟೆ ದಾರಿ ಹತ್ತೋ ಒಂದು ಭಾಗ ಇತ್ತು, ಅದನ್ನ ನಿಂತ ಜಾಗದಲ್ಲೇ ಹೆಬ್ಬೆರಳಿಂದ ಗುಬುಟು ತಳ್ಳಿ ಮುಂದೆ ಹೋಗೋ ಹಾಗೆ ಇಟ್ಟಿದ್ವಿ.

ಪರಿಚಯದವರ ಮಕ್ಕಳನ್ನ, ಅಕ್ಕಪಕ್ಕದವರನ್ನ ಕರೆದು ಒಂದು ಭಾನುವಾರ ಟ್ರಯಲ್ ಇಟ್ವಿ. ಮೂರು ವಿಷಯ ಆಯ್ತು. ಹತ್ತೋ ಭಾಗದಲ್ಲಿ ಜನಕ್ಕೆ ತಲೆ ಸುತ್ತಿತು, ಒಬ್ಬ ಹುಡುಗಿ ಹೆಡ್‌ಸೆಟ್ ಕಿತ್ತು ಬಚ್ಚಲಿಗೆ ಓಡಿ ವಾಂತಿ ಮಾಡ್ಕೊಂಡ್ಲು. ಅದಕ್ಕೆ ಕಾರಣ ಗೊತ್ತಿರೋದೇ, ಕಣ್ಣು ನಡೀತಿದೀನಿ ಅನ್ನುತ್ತೆ, ಕಿವಿಯೊಳಗೆ ಸಮತೋಲ ನೋಡ್ಕೊಳ್ಳೋ ಭಾಗ ಇಲ್ಲಪ್ಪ ನಿಂತಿದೀಯ ಅನ್ನುತ್ತೆ, ಎರಡಕ್ಕೂ ಹೊಂದಿಕೆ ಆಗದೆ ಹೊಟ್ಟೆ ತೊಳಸುತ್ತೆ, ಬಸ್ಸಲ್ಲಿ ಪುಸ್ತಕ ಓದಿದ್ರೆ ಆಗುತ್ತಲ್ಲ ಹಂಗೆ. ಎರಡನೇದು, ಹುಡುಗ್ರು ಒನಕೆ ಬೀಸಿದ್ದೇ ಬೀಸಿದ್ದು, ಹೊರಗೆ ಬಂದು ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ: "ನಂದು ಎಷ್ಟಾಯ್ತು ಸಾರ್?" ನಾವು ಸ್ಕೋರ್ ಇಟ್ಟೇ ಇರ್ಲಿಲ್ಲ. ಮೂರನೇದು ನಮ್ಮ ಅತ್ತಿಗೆ. ಅವ್ರು ಎರಡು ಸಲ ಬೀಸಿ ಕೈ ಇಳಿಸಿಬಿಟ್ರು. ಯಾಕೆ ಅಂದ್ರೆ, "ಏನೂ ತಾಗ್ತಾ ಇಲ್ಲಪ್ಪ. ನಾನು ಒನಕೆ ಹಿಡಿದು ಅಕ್ಕಿ ಕುಟ್ಟಿದೋಳು, ಅದು ಕಲ್ಲಿಗೆ ಬಿದ್ರೆ ಭುಜದ ತನಕ ಬರುತ್ತೆ. ಇದು ಗಾಳಿ. ಗಾಳಿಗೆ ಹೊಡೆದು ಮನುಷ್ಯ ಬಿದ್ದ ಅಂದ್ರೆ ಹೆಂಗೆ ನಂಬ್ಲಿ?"

ಆ ರಾತ್ರಿ ಮಾಳಿಗೆ ಮೇಲೆ ಕೂತು ಅವ್ರ ಮಾತನ್ನ ಎಷ್ಟು ಸಲ ಹೊರಳಿಸಿ ನೋಡಿದ್ನೋ. ಹೆಡ್‌ಸೆಟ್ ಕಣ್ಣಿಗೆ ಏನ್ ಬೇಕಾದ್ರೂ ತೋರಿಸುತ್ತೆ, ಕಿವಿಗೆ ಏನ್ ಬೇಕಾದ್ರೂ ಕೇಳಿಸುತ್ತೆ, ಆದ್ರೆ ನಮ್ಮನ್ನ ತಿರುಗಿ ತಳ್ಳೋ ಶಕ್ತಿ ಅದಕ್ಕಿಲ್ಲ. ಹೊಡೆತ ಅಂದ್ರೆ ಆ ಕಡೆಯಿಂದ ಬರೋ ಏಟೂ ಸೇರಿ ಹೊಡೆತ. ಅದಿಲ್ಲ ಅಂದ್ರೆ ಮೈಗೆ ಕೂಡ್ಲೇ ಗೊತ್ತಾಗುತ್ತೆ ಇದು ಸುಳ್ಳು ಅಂತ, ಸುಳ್ಳು ಅಂತ ಗೊತ್ತಾದ ಮೇಲೆ ಹುಡುಗ್ರು ಆಟ ಆಡದೆ ಇನ್ನೇನ್ ಮಾಡ್ತಾರೆ. ತಪ್ಪು ಅವರದ್ದಲ್ಲ. ಮೈ ಕೈಲಿ ಏನು ಮಾಡಿಸ್ತೀವೋ ಅದರಲ್ಲಿ ಒಂದಾದ್ರೂ ನಿಜ ಇರಬೇಕು, ಒಂದು ಭಾರ, ಒಂದು ಉಸಿರು, ಕಾಲಡಿ ಮಣ್ಣು, ಏನಾದ್ರೂ. ಆ ಒಂದು ನಿಜಕ್ಕೆ ನೇತುಹಾಕಿದ್ರೆ ಉಳಿದ ಕಲ್ಪನೆ ಎಲ್ಲಾ ನಿಲ್ಲುತ್ತೆ.

ಇದನ್ನ ನಾನೇ ಹೊಸದಾಗಿ ಕಂಡುಹಿಡಿದೆ ಅನ್ನಲ್ಲ. ಆಮೇಲೆ ಹುಡುಕಿ ಓದಿದಾಗ ಈ ಕಲೇಲಿ ದೊಡ್ಡ ಕೆಲಸ ಮಾಡಿರೋರೆಲ್ಲ ಇದೇ ದಾರೀಲೇ ಹೋಗಿರೋದು ಕಾಣ್ತು. ಕೆನಡಾದ ಚಾರ್ ಡೇವಿಸ್ ಅನ್ನೋ ಕಲಾವಿದೆ 1995ರಲ್ಲೇ 'ಆಸ್ಮೋಸ್' ಅಂತ ಮಾಡಿದ್ರು, ಆಗ ಹೆಡ್‌ಸೆಟ್ ನಡೆಸೋಕೆ ಬೀರು ಗಾತ್ರದ ಕಂಪ್ಯೂಟರ್ ಬೇಕಿತ್ತು. ಅದರಲ್ಲಿ ಕೈಗೆ ಏನೂ ಕೊಡಲ್ಲ, ಎದೆಗೆ ಒಂದು ಪಟ್ಟಿ ಕಟ್ತಾರೆ, ಉಸಿರು ಒಳಗೆ ಎಳೆದ್ರೆ ಮೇಲಕ್ಕೆ ತೇಲ್ತೀರಿ, ಬಿಟ್ರೆ ಕೆಳಗೆ ಇಳೀತೀರಿ, ಮೈ ವಾಲಿಸಿದ್ರೆ ಆ ಕಡೆ ಹೋಗ್ತೀರಿ. ಅವ್ರು ಸಮುದ್ರದಲ್ಲಿ ಡೈವ್ ಮಾಡ್ತಿದ್ದೋರು, ನೀರೊಳಗೆ ಹಿಂಗೇ ಅಲ್ವಾ ಮೇಲೆ ಕೆಳಗೆ ಆಗೋದು. ಉಸಿರು ನಿಜ, ಅದಕ್ಕೇ ಕಾಡು ಕೆರೆ ಬೇರು ಎಲ್ಲಾ ನಂಬೋ ಹಾಗಾಗುತ್ತೆ, ಒಳಗೆ ಹೋಗಿ ಬಂದು ಅತ್ತವರೂ ಇದ್ರು. 2017ರಲ್ಲಿ ಮೆಕ್ಸಿಕೋದ ಸಿನಿಮಾ ನಿರ್ದೇಶಕ ಇನ್ಯಾರಿಟು ಮಾಡಿದ 'ಕಾರ್ನೆ ಇ ಅರೆನಾ'ದಲ್ಲಿ ಚಪ್ಪಲಿ ಬಿಚ್ಚಿಸಿ ನಿಜವಾದ ಮರಳಿನ ಮೇಲೆ ಒಬ್ಬೊಬ್ರನ್ನೇ ಬಿಡ್ತಾರೆ, ಮೆಕ್ಸಿಕೋ ಗಡಿ ದಾಟೋ ವಲಸಿಗರ ನಡುವೆ ನೀವು. ವಿಆರ್ ಭಾಗ ಆರೇಳು ನಿಮಿಷದ್ದಷ್ಟೇ, ಆದ್ರೆ ಪಾದಕ್ಕೆ ಮರಳು ಹತ್ತಿರುತ್ತೆ.

ಕಲೆ ಅಲ್ಲ, ಪ್ರಯೋಗ ಒಂದಿದೆ, ಅದು ನನಗೆ ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಅಮೆರಿಕದ ನಾರ್ತ್ ಕೆರೊಲಿನಾ ಯೂನಿವರ್ಸಿಟೀಲಿ ಇನ್‌ಸ್ಕೋ ಅನ್ನೋ ಸಂಶೋಧಕ 2001ರಲ್ಲಿ ಬರೆದ ಪ್ರಬಂಧ. ಹೆಡ್‌ಸೆಟ್ಟಲ್ಲಿ 20 ಅಡಿ ಆಳದ ಗುಂಡಿ ಅಂಚಲ್ಲಿ ನಿಲ್ಲಿಸ್ತಾರೆ, ನಿಜವಾದ ನೆಲದ ಮೇಲೆ ಒಂದೂವರೆ ಇಂಚು ದಪ್ಪದ ಹಲಗೆ ಇಟ್ಟಿರ್ತಾರೆ. ಒಂದೂವರೆ ಇಂಚು ಅಷ್ಟೇ! ಕಾಲಬೆರಳು ಆ ಅಂಚನ್ನ ದಾಟಿ ಖಾಲಿ ಜಾಗ ಮುಟ್ಟಿದ್ರೆ ಸಾಕು, ಹಲಗೆ ಇಲ್ಲದೆ ನಿಂತೋರಿಗಿಂತ ಇವರ ಎದೆಬಡಿತ ಜಾಸ್ತಿ ಏರ್ತಿತ್ತು. ನಮ್ಮ ಮಾವನಿಗೆ ಇದನ್ನ ಹೇಳ್ದಾಗ ಅವ್ರು ಕೂಡ್ಲೇ ಅಳತೆ ಟೇಪ್ ತಗೊಂಡು ಎದ್ರು, ಕಿಂಡಿ ನಾನು ಮಾಡ್ಕೊಡ್ತೀನಿ ಅಂತ.

ನಮ್ಮ ಪಕ್ಕದಲ್ಲೇ, ಬಳ್ಳಾರಿ ಜಿಲ್ಲೆ ತೋರಣಗಲ್ಲಲ್ಲಿ ಜೆಫ್ರಿ ಶಾ, ಸಾರಾ ಕೆಂಡರ್‌ಡೈನ್ ಅನ್ನೋ ಕಲಾವಿದರು ಮಾಡಿದ 'ಪ್ಲೇಸ್ ಹಂಪಿ' ಇದೆ, ಮೊದಲು 2006ರಲ್ಲಿ ಮಾಡಿದ್ದು. ಅದಕ್ಕೆ ತಲೆಗೆ ಹಾಕೋ ಹೆಡ್‌ಸೆಟ್ ಬೇಕಿಲ್ಲ, ಗುಂಡಗಿರೋ ದೊಡ್ಡ ಪರದೆ ನಡುವೆ ತಿರುಗೋ ವೇದಿಕೆ, ನಿಂತೋರು ವೇದಿಕೆ ತಿರುಗಿಸ್ತಾ ಹಂಪಿ ಸುತ್ತೋದು. ಇದೇ ಶಾ ಅವರೇ 1980ರ ದಶಕದ ಕೊನೇಲಿ ಅಕ್ಷರಗಳಿಂದ ಕಟ್ಟಿದ ಊರೊಳಗೆ ನಿಂತಲ್ಲೇ ಸೈಕಲ್ ತುಳಿಸಿದ್ರು, ತುಳಿದಷ್ಟು ದಾರಿ. ಆಗಿನ ಕಂಪ್ಯೂಟರಲ್ಲೇ ಇಷ್ಟು ಆಗಿತ್ತು ಅಂದ್ಮೇಲೆ ನಮಗೆ ಯಂತ್ರ ಸಾಲದು ಅಂತ ಹೇಳೋ ಹಂಗಿರ್ಲಿಲ್ಲ.

ಹಂಗಾದ್ರೆ ಓಬವ್ವನ ಕಥೇಲಿ ನಾವು ನಿಜವಾಗಿ ಕೊಡಬಹುದಾದ ಭಾರ ಯಾವುದು? ಒನಕೆ ಅಲ್ಲ. ಅವಳು ಒನಕೆ ಹಿಡಿಯೋಕೆ ಮುಂಚೆ ಹೊತ್ತಿದ್ದು ಕೊಡ. ಇದು ಹೊಳೆದ ತಕ್ಷಣ ನನಗೆ ಮೈ ಜುಂ ಅಂತು, ಯಾಕಂದ್ರೆ ನೀರು ಹೊರೋದು ದುರ್ಗದ ಕಥೆನೇ. ಮೇಲೆ ಕೋಟೇಲಿ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ ತಂಗಿಯರ ಹೊಂಡಕ್ಕೆ, ಅದು ತುಂಬಿದ್ರೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಲ್ಲಿರೋ ಸಂತೆಹೊಂಡಕ್ಕೆ, ಮಳೆ ಹನಿ ಒಂದೂ ದಂಡ ಆಗಬಾರ್ದು ಅಂತ ಕಟ್ಟಿರೋ ಊರು ಇದು. ಕಿಂಡಿ ಹತ್ರ ತಣ್ಣೀರು ದೋಣಿ ಅಂತ ಇವತ್ತೂ ಇದೆ, ಸಣ್ಣ ಜಾಗ, ನೀರಿಗೆ ಕೈ ಇಟ್ರೆ ಬೇಸಿಗೇಲೂ ತಣ್ಣಗಿರುತ್ತೆ. ಇವತ್ತಿಗೂ ಈ ಜಿಲ್ಲೇಲಿ ಬೇಸಿಗೆ ಬಂತಂದ್ರೆ ಟ್ಯಾಂಕರ್ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ಹಿಡಿದಿರೋರು ಹೆಂಗಸರೇ.

ಹಂಗಾಗಿ ಎರಡನೇ ಆವೃತ್ತೀಲಿ ಯುದ್ಧ ಪೂರ್ತಿ ತೆಗೆದುಹಾಕಿದ್ವಿ. ಬಂದೋರು ನಿಜವಾದ ನೀರು ತುಂಬಿದ ನಿಜವಾದ ಕೊಡ ಸೊಂಟಕ್ಕೆ ಇಟ್ಕೊಂಡು, ಬರಿಗಾಲಲ್ಲಿ, ಹೆಡ್‌ಸೆಟ್ಟೊಳಗಿನ ಕೋಟೆ ದಾರೀಲಿ ನಡೀತಾರೆ. ಕೊನೆಗೆ ಕಿಂಡಿ ಹತ್ರ ಬರ್ತಾರೆ. ಬಂಡೆ ಆಚೆಯಿಂದ ಪಿಸುಮಾತು ಕೇಳ್ಸುತ್ತೆ. ಕೊಡ ಕೆಳಗಿಟ್ರೆ ಕತ್ತಲಾಗುತ್ತೆ, ಮುಗೀತು. ಒಟ್ಟು ಎಂಟು ನಿಮಿಷ. ನನ್ನ ಕ್ಲಾಸ್‌ಮೇಟ್ ಮೊದಲು ಒಪ್ಲಿಲ್ಲ, ಓಬವ್ವ ಅಂತ ಹೇಳಿ ಒನಕೆನೇ ಇಲ್ಲ ಅಂದ್ರೆ ಜನ ಬೈತಾರೆ ಕಣೋ ಅಂದ. ಒಂದು ವಾರ ಜಗಳ ಆಡಿದ್ವಿ. ಕೊನೆಗೆ ಅತ್ತಿಗೇನೇ, ಆಮೇಲೆ ಏನಾಯ್ತು ಅಂತ ದುರ್ಗದಲ್ಲಿ ಯಾರಿಗ್ ಹೇಳ್ಬೇಕು, ಎಲ್ರಿಗೂ ಗೊತ್ತು, ಗೊತ್ತಿಲ್ದೇ ಇರೋದು ಅವಳು ನಿಂತು ಕೇಳಿಸ್ಕೊಂಡ ಆ ಗಳಿಗೆ ಅಂದ್ರು. ಅಲ್ಲಿಗೆ ಜಗಳ ನಿಂತಿತು.

ಕೆಲಸದ ವಿವರ ಸ್ವಲ್ಪ ಹೇಳ್ತೀನಿ, ಮಾಡೋರಿಗೆ ಬೇಕಾಗುತ್ತೆ. ಕೋಟೆ ಪುರಾತತ್ವ ಇಲಾಖೆ ರಕ್ಷಣೇಲಿರೋ ಸ್ಮಾರಕ, ಡ್ರೋನ್ ಗೀನ್ ಹಾರಿಸೋ ಹಂಗಿಲ್ಲ, ಟ್ರೈಪಾಡಿಗೂ ಪರ್ಮಿಷನ್ ಬೇಕು. ನಾವು ಟಿಕೆಟ್ ತಗೊಂಡು ಬೆಳಗ್ಗೆ ಗೇಟ್ ತೆರೆದ ತಕ್ಷಣ ಹೋಗಿ ಕೈಯಲ್ಲೇ ಫೋನ್ ಹಿಡಿದು ಬಂಡೆಗಳ ಫೋಟೋ ತೆಗೆದ್ವಿ. ಒಂದು ಫೋಟೋದಲ್ಲಿ ಬಂದಿದ್ದು ಮುಂದಿನ ಫೋಟೋದಲ್ಲಿ ಮುಕ್ಕಾಲು ಭಾಗ ಮತ್ತೆ ಬರಬೇಕು, ಆಗ ಸಾಫ್ಟ್‌ವೇರ್ ಅವನ್ನೆಲ್ಲ ಹೊಂದಿಸಿ ಮೂರು ಆಯಾಮದ ಬಂಡೆ ಕಟ್ಟುತ್ತೆ. ಬಿಸಿಲು ಏರಿದ ಮೇಲೆ ತೆಗೆದ್ರೆ ನೆರಳೂ ಬಂಡೆಗೆ ಅಂಟ್ಕೊಂಡು ಬಂದುಬಿಡುತ್ತೆ, ಅದಕ್ಕೇ ಬೆಳಗ್ಗೆ ಹೋಗಿದ್ದು. ಆಮೇಲೆ ಆ ಬಂಡೆಗಳನ್ನ ಹೆಡ್‌ಸೆಟ್ ತಡ್ಕೊಳ್ಳೋಷ್ಟು ಹಗುರ ಮಾಡೋದ್ರಲ್ಲೇ ನನ್ನ ಸ್ನೇಹಿತನ ಎರಡು ತಿಂಗಳು ಹೋಯ್ತು. ಸೆಕೆಂಡಿಗೆ 72 ಚಿತ್ರ ತಪ್ಪದೆ ಬರಬೇಕು, ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗೋದಕ್ಕೂ ನಡುವೆ 20 ಮಿಲಿಸೆಕೆಂಡ್ ದಾಟಬಾರ್ದು ಅನ್ನೋದು ಈ ಕೆಲಸದೋರ ಲೆಕ್ಕ, ದಾಟಿದ್ರೆ ಮತ್ತೆ ತಲೆಸುತ್ತು.

ಜಾಗ ಸಿಕ್ಕಿದ್ದು ಊರೊಳಗಿನ ಒಂದು ಹಳೇ ಹಾಲ್. ಹನ್ನೆರಡು ಮೀಟರ್ ಉದ್ದ, ಎಂಟು ಅಗಲ. ಇಷ್ಟರಲ್ಲಿ ಕೋಟೆ ದಾರಿ ಹೆಂಗ್ ಕೂರಿಸ್ತೀಯ ಅಂತ ಮಾವ ಕೇಳಿದ್ರು. ಉತ್ತರ ಕೋಟೇಲೇ ಇತ್ತು. ಏಳು ಸುತ್ತಿನ ಕೋಟೇಲಿ ದಾರಿ ನೇರ ಹೋಗೋದೇ ಇಲ್ಲ, ಬಾಗಿಲು ದಾಟಿದ್ರೆ ತಿರುವು, ಮತ್ತೆ ಬಾಗಿಲು ಮತ್ತೆ ತಿರುವು, ಶತ್ರು ಆನೆ ಓಡಿ ಬಂದು ಬಾಗಿಲಿಗೆ ಗುದ್ದೋಕೆ ಆಗಬಾರ್ದು ಅಂತ ಮಾಡಿದ್ದು. ನಾವು ಅದೇ ತಿರುವುಗಳನ್ನ ಹಾಲೊಳಗೆ ಮಡಚಿದ್ವಿ, ಅದೇ ನೆಲದ ಮೇಲೆ ಜನ ಎರಡು ಸುತ್ತು ಬರ್ತಾರೆ, ಆದ್ರೆ ಒಳಗೆ ಅವರಿಗೆ ಕಾಣೋದು ಬೇರೆ ಬೇರೆ ಜಾಗ. ನಿಜವಾದ ದಾರಿ ಹಿಂಗೇ ಇಲ್ಲ ಅಂತ ಬಾಗಿಲಲ್ಲಿ ಬೋರ್ಡ್ ಹಾಕಿದ್ವಿ, ಊರೋರಿಗೆ ಸುಳ್ಳು ಹೇಳಬಾರ್ದಲ್ವಾ. ನೆಲಕ್ಕೆ ನಾರಿನ ಮ್ಯಾಟ್, ನಡುನಡುವೆ ಕಲ್ಲುಚಪ್ಪಡಿ, ಮೂರು ಕಡೆ ನಿಜವಾದ ಮೆಟ್ಟಿಲು. ಎಲ್ರೂ ನಿಜವಾಗಿ ನಡೆಯೋದ್ರಿಂದ ತಲೆಸುತ್ತೋದು ಹೆಚ್ಚುಕಮ್ಮಿ ನಿಂತೇ ಹೋಯ್ತು.

ಇಲ್ಲಿ ಎರಡು ಎಡವಟ್ಟಾಯ್ತು. ಹೆಡ್‌ಸೆಟ್ ತಾನೆಲ್ಲಿದೀನಿ ಅಂತ ತಿಳ್ಕೊಳ್ಳೋದು ಮೈಮೇಲಿರೋ ಸಣ್ಣ ಕ್ಯಾಮೆರಾಗಳಿಂದ, ಅವು ಗೋಡೆ ಮೇಲಿನ ಗುರುತು ಮೂಲೆ ಅಂಚು ನೋಡಿ ಲೆಕ್ಕ ಹಾಕ್ತವೆ. ಹಾಲಿಗೆ ಹೊಸದಾಗಿ ಸುಣ್ಣ ಬಳಿದಿದ್ರು, ನಾಲ್ಕೂ ಗೋಡೆ ಬೆಳ್ಳಗೆ ಬೋಳು, ಜೊತೆಗೆ ವಾತಾವರಣ ಬರಲಿ ಅಂತ ನಾವು ಲೈಟ್ ಆರಿಸಿದ್ವಿ, ಹೆಡ್‌ಸೆಟ್ ಕುರುಡಾಗಿ ಕೋಟೆನೇ ಜಾರ್ಕೊಂಡು ಹೋಗ್ತಿತ್ತು. ನನ್ನ ಸ್ಕೂಲ್ ಮಕ್ಕಳು ಬಂದು ಗೋಡೆ ತುಂಬಾ ಪೇಪರ್ ಅಂಟಿಸಿ ಕಪ್ಪು ಬಣ್ಣದಲ್ಲಿ ಒಂದರ ಹಾಗೆ ಇನ್ನೊಂದಿಲ್ಲದ ಚಿತ್ರ ಬರೆದ್ರು, ಲೈಟೂ ಹಾಕಿದ್ವಿ, ಸರಿಹೋಯ್ತು. ಒಳಗಿರೋರಿಗೆ ಹೊರಗಿನ ಲೈಟ್ ಹೆಂಗೂ ಕಾಣಲ್ಲ. ಕಿಟಕಿಗೆ ಮಾತ್ರ ಕಪ್ಪು ಬಟ್ಟೆ ಕಟ್ಟಲೇಬೇಕಿತ್ತು, ಹೆಡ್‌ಸೆಟ್ ಲೆನ್ಸಿನ ಮೇಲೆ ನೇರ ಬಿಸಿಲು ಬಿದ್ರೆ ಭೂತಗನ್ನಡಿ ಇಟ್ಟ ಹಂಗೆ ಒಳಗಿನ ಡಿಸ್‌ಪ್ಲೇ ಸುಟ್ಟೋಗುತ್ತೆ.

ಎರಡನೇದು ಮೆಟ್ಟಿಲು. ಒಳಗಿನ ಮೆಟ್ಟಿಲಿಗೂ ಹೊರಗಿನ ಮೆಟ್ಟಿಲಿಗೂ ಎರಡು ಬೆರಳಷ್ಟು ವ್ಯತ್ಯಾಸ ಇತ್ತು. ಕಣ್ಣಿಗೆ ಅದು ಏನೇನೂ ಅಲ್ಲ, ಕಾಲಿಗೆ ಮಾತ್ರ ಪಾತಾಳ, ನೆಲ ಇದೆ ಅಂತ ಇಟ್ಟ ಕಾಲು ಧಡಕ್ಕಂತ ಇಳಿಯುತ್ತೆ. ಮಾವ ಮೂರು ರಾತ್ರಿ ಕೂತು ಸರಿಮಾಡಿದ್ರು. ಕಿಂಡಿಯಂತೂ ಅವರ ಕೈಚಳಕನೇ, ಎರಡು ಪ್ಲೈವುಡ್ ಹಲಗೆ ಎದುರುಬದುರು, ಮೇಲೆ ಗೋಣಿತಾಟು, ಅದರ ಮೇಲೆ ಸಿಮೆಂಟ್ ಬಳಿದು ಒಣಗೋಕೆ ಮುಂಚೆ ಕೈಯಿಂದಲೇ ತಟ್ಟಿ ತಟ್ಟಿ ಬಂಡೆ ಒರಟು ತಂದಿದ್ರು. ಹೆಡ್‌ಸೆಟ್ಟಲ್ಲಿ ಬಂಡೆ ಕಾಣೋ ಜಾಗಕ್ಕೇ ಕೈ ಚಾಚಿದ್ರೆ ಕೈಗೆ ಬಂಡೆ ಸಿಗ್ತಿತ್ತು. ಅಲ್ಲಿ ಕೈ ಇಟ್ಟ ಕ್ಷಣ ಜನ ಉಸಿರು ಹಿಡಿಯೋದನ್ನ ನಾನು ಪಕ್ಕದಲ್ಲಿ ನಿಂತು ಎಷ್ಟು ಸಲ ನೋಡಿದೀನಿ. ಪಿಸುಮಾತಿಗೆ ಆ ಹಲಗೆ ಹಿಂದೆನೇ ಒಂದು ಸಣ್ಣ ಸ್ಪೀಕರ್ ಇಟ್ವಿ, ಆಗ ಸದ್ದು ಕಲ್ಲಿನ ಆಚೆಯಿಂದಲೇ ಬಂತು.

ಈಗ ಕೊಡದ ವಿಷಯ. ಅಜ್ಜಿ ಕಾಲದ್ದು ಹಿತ್ತಾಳೆ ಕೊಡ ಅಟ್ಟದ ಮೇಲಿತ್ತು, ಹನ್ನೆರಡು ಲೀಟರ್ ಹಿಡಿಯೋದು. ಪೂರ್ತಿ ತುಂಬಿದ್ರೆ ಊರಿನ ಹುಡುಗ್ರ ಸೊಂಟ ಮುರಿಯುತ್ತೆ ಅಂತ ಐದು ಲೀಟರ್ ಹಾಕಿದ್ವಿ. ಅನಾಹುತ ಆಯ್ತು. ನಡೆಯೋಕೆ ಶುರು ಮಾಡಿದ್ರೆ ಒಳಗಿನ ನೀರು ಆ ಕಡೆ ಈ ಕಡೆ ಧಬ್ ಧಬ್ ಅಂತ ಬಡಿದು ಆಳನ್ನೇ ಎಳೀತಿತ್ತು, ಕಣ್ಣಿಗೆ ಹೆಡ್‌ಸೆಟ್ ಬೇರೆ, ನನ್ನ ಸ್ನೇಹಿತನೇ ಎರಡು ಸಲ ಮುಗ್ಗರಿಸಿದ. ನೀರು ಇನ್ನೂ ಕಮ್ಮಿ ಮಾಡೋಣ ಅಂತ ಮೂರು ಲೀಟರ್ ಹಾಕಿದ್ವಿ, ಇನ್ನೂ ಜಾಸ್ತಿ ಕುಣೀತು. ನಮ್ಮ ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ರು, "ಯಾಕ್ರೋ ಒದ್ದಾಡ್ತೀರ, ತುಂಬಿದ ಕೊಡ ತುಳುಕಲ್ಲ ಅಂತ ಬಾಯಲ್ಲಿ ಹೇಳ್ತೀರ, ತುಂಬ್ರಿ ಅದನ್ನ" ಅಂದ್ರು.

ಈ ಗಾದೆನ ವಿಸ್ತರಿಸಿ ಬರೀರಿ ಅಂತ ಮಕ್ಕಳಿಗೆ ಹೇಳೋದನ್ನ ನಾನು ಎಷ್ಟು ಸಲ ಕೇಳಿಸ್ಕೊಂಡಿದೀನೋ, ಜ್ಞಾನ ಇದ್ದೋರು ಮೆರೆಯಲ್ಲ ಅನ್ನೋ ಅರ್ಥ ಒಂದೇ ತಲೇಲಿತ್ತು. ಅದು ಮೊದಲು ನೀರಿನ ಮಾತು, ಹೊತ್ತೋರ ಸೊಂಟ ಹೇಳಿದ ಮಾತು. ಕೊಡದ ಹೊಟ್ಟೆ ಅಗಲ, ಅರ್ಧ ನೀರಿದ್ರೆ ಅಷ್ಟಗಲ ನೀರು ಓಲಾಡೋಕೆ ಜಾಗ ಸಿಗುತ್ತೆ. ಕತ್ತಿನ ತನಕ ತುಂಬಿದ್ರೆ ಮೇಲೆ ಅಲುಗೋಕೆ ಇರೋದು ಆ ಸಣ್ಣ ಕತ್ತಿನಷ್ಟು ನೀರು ಮಾತ್ರ, ಉಳಿದದ್ದು ಗಟ್ಟಿಯಾಗಿ ನಿಂತಿರುತ್ತೆ. ಹಂಗಾಗಿ ದೊಡ್ಡ ಕೊಡ ಬಿಟ್ಟು ನಾಲ್ಕು ಲೀಟರಿನ ಸಣ್ಣ ಕೊಡ ತಂದು ಕತ್ತಿನ ತನಕ ತುಂಬಿದ್ವಿ, ಹಿತ್ತಾಳೆ ಭಾರ ಸೇರಿ ಸುಮಾರು ಆರು ಕೆಜಿ. ನಡಿಗೆ ಬದಲಾಗೇ ಹೋಯ್ತು. ಕೊಡ ಒಂದು ಸೊಂಟಕ್ಕೆ ಬಂತು ಅಂದ್ರೆ ಮೈ ಇನ್ನೊಂದು ಕಡೆ ತಾನೇ ವಾಲುತ್ತೆ, ಹೆಜ್ಜೆ ಚಿಕ್ಕದಾಗುತ್ತೆ, ಕುತ್ತಿಗೆ ನೆಟ್ಟಗಾಗುತ್ತೆ, ಯಾರೂ ಓಡಲ್ಲ. ಹುಡುಗ್ರಿಗೆ ನಿಧಾನ ನಡೀರಿ ಅಂತ ಬೋರ್ಡ್ ಹಾಕೋ ಅವಶ್ಯಕತೆನೇ ಬರ್ಲಿಲ್ಲ.

ಕಂಟ್ರೋಲರ್ನ ಕೊಡದ ಕತ್ತಿಗೆ ಸೈಕಲ್ ಟ್ಯೂಬಿಂದ ಬಿಗಿದಿದ್ವಿ, ಒಳಗೂ ಕೊಡ ಕಾಣ್ಲಿ ಅಂತ. ಆದ್ರೆ ಕೊಡ ಸೊಂಟದಲ್ಲಿದ್ರೆ ಹೆಡ್‌ಸೆಟ್ ಕ್ಯಾಮೆರಾಗೆ ಅದು ಸರಿಯಾಗಿ ಕಾಣಲ್ಲ, ಒಳಗಿನ ಕೊಡ ಎಲ್ಲೋ ಗಾಳೀಲಿ ತೇಲೋದು. ತುಂಬಾ ತಲೆ ಕೆಡಿಸ್ಕೊಂಡು ಕೊನೆಗೆ ಬಗ್ಗಿ ನೋಡ್ದಾಗ ಮಾತ್ರ ಕೊಡದ ಬಾಯಿ, ಅದರೊಳಗೆ ನೀರು, ನೀರಲ್ಲಿ ಆಕಾಶ ಕಾಣೋ ಹಂಗೆ ಮಾಡಿದ್ವಿ, ಬಗ್ಗಿದಾಗ ಕ್ಯಾಮೆರಾಗೂ ಅದು ಸಿಗುತ್ತೆ. ಉಳಿದ ಹೊತ್ತು ಕೊಡ ಬರೀ ಭಾರ, ಅಷ್ಟೇ ಸಾಕಾಗಿತ್ತು.

ಪ್ರದರ್ಶನ ನಾಲ್ಕು ದಿನ ನಡೀತು. ಒಂದು ಸಲಕ್ಕೆ ಒಬ್ರೇ ಒಳಗೆ, ಇನ್ನೊಂದು ಹೆಡ್‌ಸೆಟ್ ಚಾರ್ಜಲ್ಲಿ. ಬೆನ್ನು ಮಂಡಿ ನೋವಿದ್ದೋರಿಗೆ, ಬಸುರಿಯರಿಗೆ ಖಾಲಿ ಚೊಂಬು ಕೊಟ್ವಿ, ಅದರಲ್ಲಿ ಅನುಭವ ಅರ್ಧಕ್ಕರ್ಧ ಹೋಗುತ್ತೆ ಅಂತ ನಮಗೂ ಗೊತ್ತಿತ್ತು, ಅದಕ್ಕೆ ಸರಿಯಾದ ದಾರಿ ಇನ್ನೂ ಸಿಕ್ಕಿಲ್ಲ. ಗಾಲಿಕುರ್ಚೀಲಿ ಬಂದ ಒಬ್ರು ಮೆಟ್ಟಿಲು ನೋಡಿ ವಾಪಸ್ ಹೋದ್ರು, ಅದು ನಮ್ಮ ತಪ್ಪು, ಇವತ್ತಿಗೂ ಮನಸ್ಸಲ್ಲಿ ಕೂತಿದೆ.

ಪುಸ್ತಕದಲ್ಲಿ ಸಿಗದ ಸಮಸ್ಯೆಗಳು ಬಂದ್ವು. ಹೆಡ್‌ಸೆಟ್ ಪಟ್ಟಿ ತಲೆ ಹಿಂದೆ ಎಲ್ಲಿ ಕೂರಬೇಕೋ ನಮ್ಮ ಹೆಂಗಸರ ತುರುಬು ಅಲ್ಲೇ ಇರುತ್ತೆ, ಮೇಲೆ ಮಲ್ಲಿಗೆ ದಂಡೆ. ಹೂವು ತೆಗೀರಿ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಅತ್ತಿಗೆ ಪಟ್ಟಿನ ಸೀಳಿ ಎರಡು ಕವಲು ಮಾಡಿ ಹೊಲಿದ್ರು, ತುರುಬು ನಡುವೆ ಆಚೆ ಬರೋ ಹಂಗೆ. ವಿಭೂತಿ ಕುಂಕುಮ ಹಣೆ ಸ್ಪಂಜಿಗೆ ಹತ್ತಿ ಮುಂದಿನೋರ ಹಣೆಗೆ ಹೋಗ್ತಿತ್ತು, ಒಬ್ಬೊಬ್ರಿಗೂ ಬೇರೆ ಹತ್ತಿಬಟ್ಟೆ ತುಂಡು ಇಟ್ವಿ. ಸೀರೆ ನೆರಿಗೆ ಮೆಟ್ಟಿಲಲ್ಲಿ ಕಾಲಿಗೆ ಸಿಗಬಾರ್ದು ಅಂತ ಅತ್ತಿಗೆನೇ ಒಳಗೆ ಹೋಗೋ ಮುಂಚೆ ಎತ್ತಿ ಸಿಕ್ಕಿಸ್ತಿದ್ರು. ಬುರ್ಖಾ ಹಾಕಿದ ಅಕ್ಕಂದಿರಿಗೆ ಪಟ್ಟಿ ಬಟ್ಟೆ ಮೇಲಿಂದಲೇ.

ಇದಕ್ಕಿಂತ ದೊಡ್ಡ ವಿಷಯ, ಕಣ್ಣು ಮುಚ್ಚಿರೋ ಹೆಣ್ಣುಮಗಳ ಹಿಂದೆ ಯಾರು ನಡೀಬೇಕು ಅನ್ನೋದು. ಬಿದ್ರೆ ಹಿಡಿಯೋಕೆ ಒಬ್ರು ಬೇಕೇಬೇಕು. ಅತ್ತಿಗೆ ಮತ್ತೆ ಅವರ ಜೊ​ತೆಗಾತಿ ಆ ಕೆಲಸ ಮಾಡಿದ್ರು, ಮುಟ್ಟೋಕೆ ಮುಂಚೆ ಪ್ರತಿ ಸಲ ಹೇಳ್ತಿದ್ರು, "ಭುಜ ಹಿಡೀತೀನಿ ತಾಯಿ, ಮೆಟ್ಟಿಲು ಬಂತು". ಆ ದನಿನೂ ಕಲಾಕೃತಿ ಒಳಗೇ ಸೇರ್ಕೊಂತು. ಒಬ್ಬ ಕಾಲೇಜ್ ಹುಡುಗಿ ಹೊರಗೆ ಬಂದು, ನನ್ನ ಜೊತೆ ಇನ್ನೊಬ್ಬಳು ನೀರಿಗೆ ಬಂದಿದ್ಲು ಅನ್ನಿಸ್ತು ಅಂದ್ಲು.

ಕಾಯೋ ಜನಕ್ಕೆ ಅಂತ ಮೊದಲ ದಿನ ಟಿವಿ ಇಟ್ಟು ಒಳಗಿನದ್ದನ್ನ ತೋರಿಸಿದ್ವಿ. ಎಲ್ರೂ ಬಲಕ್ಕೆ ಹೋಗು, ಬಗ್ಗು, ಬಂತು ಬಂತು ಅಂತ ಕೂಗೋಕೆ ಶುರು. ಸಂಜೆನೇ ಟಿವಿ ತೆಗೆದು ಬಿಳಿ ಪಂಚೆ ಕಟ್ಟಿ ಹಿಂದೆ ದೀಪ ಇಟ್ವಿ, ನಡೆಯೋರ ನೆರಳು ತೊಗಲುಗೊಂಬೆ ಥರ ಪಂಚೆ ಮೇಲೆ ಬೀಳ್ತಿತ್ತು, ಸೊಂಟದಲ್ಲಿ ಕೊಡ, ಮುಂದೆ ಚಾಚಿದ ಒಂದು ಕೈ. ಜನ ಸುಮ್ಮನಾದ್ರು. ಆಸ್ಮೋಸ್ ತೋರಿಸಿದಾಗ ಡೇವಿಸ್ ಕೂಡ ಒಳಗಿರೋರ ನೆರಳನ್ನ ಹೊರಗಿನೋರಿಗೆ ಕಾಣೋ ಹಂಗೆ ಇಟ್ಟಿದ್ರು, ಯಾಕೆ ಅಂತ ನನಗೆ ಆವತ್ತು ಅರ್ಥ ಆಯ್ತು.

ಮೂರನೇ ದಿನ ಮಧ್ಯಾಹ್ನ ಆ ಅಜ್ಜಿ ಬಂದ್ರು. ಮೊಮ್ಮಗಳ ಜೊತೆ ಆಸ್ಪತ್ರೆಗೆ ಅಂತ ಪೇಟೆಗೆ ಬಂದೋರು, ಹೋಗ್ತಾ ದಾರೀಲಿ ಒಳಗೆ ಇಣುಕಿದ್ದು. ಎಪ್ಪತ್ತರ ಹತ್ರ ವಯಸ್ಸು. "ಇದೇನವ್ವಾ ಕಣ್ಣು ಕಟ್ಟಿ ನೀರು ಹೊರಿಸ್ತೀರಿ" ಅಂದ್ರು. ಅತ್ತಿಗೆ ಹೆಡ್‌ಸೆಟ್ ಕೈಗೆ ಕೊಟ್ಟು, ಒಳಗೆ ಕೋಟೆ ಕಾಣ್ತೈತೆ ಅಜ್ಜಿ, ಬ್ಯಾಡ ಅನ್ಸಿದ್ರೆ ಹೇಳ್ರಿ ತೆಗೀತೀನಿ ಅಂದ್ರು. ಚೊಂಬು ಕೊಡೋಕೆ ಹೋದ್ರೆ ಬೇಡ ಅಂತ ಕೊಡಕ್ಕೇ ಕೈ ಹಾಕಿದ್ರು. ಎತ್ತಿದ ರೀತಿ ನೋಡಬೇಕಿತ್ತು. ನಾವೆಲ್ಲ ಎರಡು ಕೈಲಿ ಎತ್ತಿ ಸೊಂಟಕ್ಕೆ ಒರಗಿಸ್ತೀವಿ, ಅವ್ರು ಮಂಡಿ ಸ್ವಲ್ಪ ಬಗ್ಗಿಸಿ ಕೊಡನ ತೊಡೆಗೆ ತಂದು ಅಲ್ಲಿಂದ ಒಂದೇ ಜರುಗಿಗೆ ಸೊಂಟಕ್ಕೆ ಏರಿಸಿದ್ರು, ತೋಳು ಕತ್ತಿನ ಸುತ್ತ ಹೋಗಿ ಕೂತಿತು. ಒಂದು ಹನಿ ಚೆಲ್ಲಲಿಲ್ಲ.

ಅರ್ಧ ದಾರೀಲಿ ನಿಂತು ಕೊಡನ ಎಡಸೊಂಟದಿಂದ ಬಲಸೊಂಟಕ್ಕೆ ಬದಲಾಯಿಸಿದ್ರು. ನಾಲ್ಕು ದಿನದಲ್ಲಿ ಹಂಗೆ ಮಾಡಿದ್ದು ಅವ್ರೊಬ್ರೇ. ಕಿಂಡಿ ಹತ್ರ ಬಂದು ಕಲ್ಲಿಗೆ ಅಂಗೈ ಇಟ್ರು. ಪಿಸುಮಾತು ಶುರುವಾಯ್ತು. ಸಾಮಾನ್ಯವಾಗಿ ಜನ ಅರ್ಧ ನಿಮಿಷ ಕೇಳಿ ಕೊಡ ಇಳಿಸ್ತಾರೆ. ಅಜ್ಜಿ ಇಳಿಸ್ಲಿಲ್ಲ. ಒಂದು ನಿಮಿಷ ಆಯ್ತು, ಎರಡಾಯ್ತು, ರೆಕಾರ್ಡ್ ಮಾಡಿದ್ದ ಸದ್ದು ಮುಗಿದು ಮತ್ತೆ ಮೊದಲಿಂದ ಶುರುವಾಯ್ತು. ಅತ್ತಿಗೆ ನನ್ನ ಕಡೆ ನೋಡಿದ್ರು, ನಾನು ಬೇಡ ಅಂತ ಕೈ ಮಾಡ್ದೆ. ಆಮೇಲೆ ಅತ್ತಿಗೆನೇ ಮೆಲ್ಲಗೆ, "ಕೊಡ ಕೆಳಗಿಡ್ರಿ ಅಜ್ಜಿ, ಮುಗೀತೈತೆ" ಅಂದ್ರು.

"ಊಟಕ್ಕೆ ಕುಂತಾನಲ್ಲವ್ವ ಮನೇಲಿ ಗಂಡ," ಅಂದ್ರು ಅಜ್ಜಿ. "ನೀರು ಇಲ್ಲಿಟ್ರೆ ಅವನು ಏನ್ ಕುಡೀತಾನೆ? ಮೊದ್ಲು ಇದನ್ನ ಮನೆ ಮುಟ್ಟಿಸ್ತೀನಿ. ಒನಕೆನೂ ಅಲ್ಲೇ ಐತಲ್ಲ."

ತಿರುಗಿ ಬಂದ ದಾರೀಲೇ ಹೊರಟ್ರು. ನಾವು ವಾಪಸ್ ಬರೋ ದಾರಿ ಮಾಡೇ ಇರ್ಲಿಲ್ಲ, ಒಳಗೆ ಕೆಲವು ಕಡೆ ಬಂಡೆಗೆ ಹಿಂಭಾಗನೇ ಇರ್ಲಿಲ್ಲ, ಬರೀ ಬೂದು ಬಣ್ಣ. ಅವ್ರಿಗೆ ಅದೇನೂ ಅಡ್ಡಿ ಆದಂಗೆ ಕಾಣ್ಲಿಲ್ಲ, ಕಾಲಿಗೆ ಮ್ಯಾಟ್ ಸಿಗ್ತಿತ್ತು, ಚಪ್ಪಡಿ ಸಿಗ್ತಿತ್ತು, ಅತ್ತಿಗೆ ಹಿಂದೆ ಹಿಂದೆ. ಬಾಗಿಲ ತನಕ ಬಂದು ನಿಂತ್ರು. ಹೆಡ್‌ಸೆಟ್ ತೆಗೆದ ಮೇಲೂ ಕೊಡ ಕೊಡ್ಲಿಲ್ಲ, ಹೊರಗೆ ಹೋಗಿ ಹಾಲ್ ಮುಂದಿನ ಬೇವಿನ ಗಿಡದ ಬುಡಕ್ಕೆ ನಿಧಾನವಾಗಿ ಸುರಿದು, ಖಾಲಿ ಕೊಡ ತಂದು ಬೋರಲು ಹಾಕಿದ್ರು. ಇನ್ನು ಬಸ್ಸಿಗೆ ಹೊತ್ತಾಯ್ತು ಅಂತ ಮೊಮ್ಮಗಳ ಕೈ ಹಿಡ್ಕೊಂಡು ಹೊರಟೇ ಹೋದ್ರು, ಹೆಸರು ಕೇಳೋದು ನೆನಪಾದಾಗ ಆಟೋ ಹೊರಟಾಗಿತ್ತು.

ಅವತ್ತು ರಾತ್ರಿನೇ ನನ್ನ ಸ್ನೇಹಿತ ಕೂತು ಕೊಡ ಇಟ್ರೆ ಕತ್ತಲಾಗೋ ಆ ಸೂಚನೆನ ಪ್ರೋಗ್ರಾಮಿಂದ ತೆಗೆದ. ಒನಕೆ ಇಲ್ಲ ಅಂದ್ರೆ ಜನ ಬೈತಾರೆ ಅಂದಿದ್ದೋನು ಅವನೇ. ನಾಲ್ಕನೇ ದಿನ ಬಂದೋರಿಗೆ ಕೊನೆ ಯಾವುದು ಅಂತ ನಾವು ಹೇಳ್ಲೇ ಇಲ್ಲ. ಕೊಡ ಇಟ್ಟು ಕಿಂಡಿಗೆ ಕಿವಿ ಕೊಟ್ಟೋರಿದ್ರು, ಹೊತ್ಕೊಂಡೇ ವಾಪಸ್ ಬಂದೋರಿದ್ರು, ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂಡೆಗೆ ಬೆನ್ನು ಕೊಟ್ಟು ಕೊಡ ತಬ್ಕೊಂಡು ಅಲ್ಲೇ ಕೂತುಬಿಟ್ರು. ಈಗ ದಾವಣಗೆರೇಲಿ ಮಾಡ್ರಿ ಅಂತ ಕರೆ ಬಂದಿದೆ. ಅಲ್ಲಿಗೆ ಹೋಗೋಷ್ಟರಲ್ಲಿ ವಾಪಸ್ ಬರೋ ದಾರಿಯ ಬಂಡೆಗಳಿಗೆಲ್ಲ ಹಿಂಭಾಗ ಮಾಡಬೇಕು, ಮೆಟ್ಟಿಲು ಇರೋ ಕಡೆ ಗಾಲಿಕುರ್ಚಿ ಹತ್ತೋ ಇಳಿಜಾರು ಹಾಕಿ ಅದಕ್ಕೆ ಸರಿಯಾಗಿ ಒಳಗಿನ ದಾರೀನೂ ತಿದ್ದಬೇಕು, ಬಾಗಿಲ ಹತ್ರ ನೀರು ಸುರಿಯೋಕೆ ಒಂದು ಹಂಡೆ ಬೇಕು. ಮಾವ ಬೆಳಗ್ಗೆನೇ ಅಳತೆ ಟೇಪ್ ಹಿಡ್ಕೊಂಡು ಬಂದು ಕೂತಿದಾರೆ.